ಮಹಾಯಂತ್ರಗಳ ಮುಂದೆ ನಿಂತ ಮನಸ್ಸು

ತನಗಿಂತ ಮಿಗಿಲಾದ ಶಕ್ತಿಯನ್ನು ಕಂಡಾಗ ಮನುಷ್ಯನ ಮನಸ್ಸು ಸ್ವಲ್ಪ ಹೊತ್ತು ತನ್ನನ್ನೇ ಮರೆಯುತ್ತದೆ. ಮಳೆಗಾಲದಲ್ಲಿ ಜೋಗದ ಬಂಡೆಯಿಂದ ಧುಮುಕುವ ಶರಾವತಿಯ ಮುಂದೆ, ಬಿರುಗಾಳಿಗೆ ಎದ್ದ ಕಡಲಿನ ಮುಂದೆ, ಜಾತ್ರೆಯ ದಿನ ಸಾವಿರಾರು ಕೈಗಳ ಎಳೆತಕ್ಕೆ ಮೆಲ್ಲನೆ ಕದಲುವ ತೇರಿನ ಮುಂದೆ ಪಂಡಿತನೂ ಪಾಮರನೂ ಸಮಾನವಾಗಿ ಬೆರಗಾಗುತ್ತಾರೆ. ಕಳೆದ ಎರಡು ಶತಮಾನಗಳಿಂದೀಚೆಗೆ ಈ ಸಾಲಿಗೆ ಇನ್ನೊಂದು ವಸ್ತು ಸೇರಿದೆ, ಅದು ಯಂತ್ರ. ಊರಿನ ಆಲೆಮನೆಗೆ ಮೊದಲ ಬಾರಿ ಎಂಜಿನ್ ಬಂದಾಗ ಮಕ್ಕಳೆಲ್ಲ ಅದರ ಸುತ್ತ ನೆರೆದದ್ದನ್ನು ಹಿರಿಯ ವಾಚಕರು ಬಲ್ಲರು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್ನುಗಳ ಮುಂದೆ ಮಕ್ಕಳಿಗಿಂತ ತಂದೆಯರೇ ಹೆಚ್ಚು ಹೊತ್ತು ನಿಲ್ಲುವುದನ್ನು ಇಂದಿಗೂ ಕಾಣಬಹುದು.

ಈ ಬೆರಗು ಎಂಥದು? ಇದು ಮನಸ್ಸನ್ನು ಬೆಳೆಸುವ ಸದ್ಗುಣವೋ, ಅಥವಾ ಮೇಲೆ ಬಣ್ಣ ಬಳಿದುಕೊಂಡ ಒಂದು ಮೋಹವೋ? ಕೇವಲ ಬಲಕ್ಕೆ ತಲೆಬಾಗುವುದು ಮನುಷ್ಯನಿಗೆ ಶೋಭೆಯೇ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ನಮ್ಮ ಹಿರಿಯರು ಕೀಟಭ್ರಮರ ನ್ಯಾಯವೆಂಬುದನ್ನು ಹೇಳಿದ್ದಾರೆ. ಭ್ರಮರವನ್ನೇ ಎಡೆಬಿಡದೆ ನೆನೆಯುವ ಕೀಟವು ಕೊನೆಗೆ ಭ್ರಮರವೇ ಆಗುವಂತೆ, ಮನುಷ್ಯನು ತಾನು ಮೆಚ್ಚಿದ್ದರ ಗುಣವನ್ನು ಕ್ರಮೇಣ ಪಡೆಯುತ್ತಾನೆ. ಹಾಗಿರುವಲ್ಲಿ ಅವನು ಯಾವುದನ್ನು, ಯಾವ ರೀತಿಯಲ್ಲಿ ಮೆಚ್ಚುತ್ತಾನೆಂಬುದು ನೀತಿಯ ಪ್ರಶ್ನೆಯೇ ಸರಿ. ಇದನ್ನು ಬರಿಯ ಮಾತಿನಲ್ಲಿ ವಿಚಾರಿಸುವುದಕ್ಕಿಂತ ಒಂದು ನಿಜವಾದ ಯಂತ್ರವನ್ನೂ ಅದನ್ನು ಪ್ರೀತಿಸಿದ ಜನರನ್ನೂ ಎದುರಿಗಿಟ್ಟುಕೊಂಡು ವಿಚಾರಿಸುವುದು ಲೇಸು. ಅದಕ್ಕಾಗಿ ವಾಚಕರು ನಮ್ಮೊಡನೆ ಸ್ವಲ್ಪ ಹೊತ್ತು ಇಂಗ್ಲೆಂಡಿಗೆ ಬರಬೇಕು.

೧೯೪೩ನೆಯ ಇಸವಿ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಬ್ರಿಟಿಷ್ ನೌಕಾದಳದ ವೇಗದ ಟಾರ್ಪೆಡೋ ದೋಣಿಗಳು ಪೆಟ್ರೋಲಿನಿಂದ ನಡೆಯುತ್ತಿದ್ದವು. ಪೆಟ್ರೋಲಿಗೆ ಗುಂಡು ತಾಕಿದರೆ ದೋಣಿಯೇ ಉರಿದುಹೋಗುವ ಭಯ. ಜರ್ಮನರ ದೋಣಿಗಳಿಗೆ ಡೀಸೆಲ್ ಎಂಜಿನ್ ಇದ್ದುದರಿಂದ ಅವುಗಳಿಗೆ ಈ ಅಪಾಯ ಕಡಿಮೆ. ಆದ್ದರಿಂದ ಹಗುರವೂ ಬಲಶಾಲಿಯೂ ಆದ ಡೀಸೆಲ್ ಎಂಜಿನ್ನೊಂದನ್ನು ಹುಡುಕಲು ನೌಕಾ ಇಲಾಖೆ ಸಮಿತಿಯೊಂದನ್ನು ನೇಮಿಸಿತು. ಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ಈ ಕಾರ್ಯ ನೇಪಿಯರ್ ಕಂಪನಿಯ ಪಾಲಿಗೆ ಬಂದಿತು. ಅಲ್ಲಿ ಹುಟ್ಟಿದ ಯಂತ್ರವೇ ಡೆಲ್ಟಿಕ್.

ಸಾಮಾನ್ಯ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಒಂದೇ ಪಿಸ್ಟನ್, ಮೇಲೆ ಒಂದು ಮುಚ್ಚಳ, ಮುಚ್ಚಳದಲ್ಲಿ ವಾಲ್ವುಗಳು. ಡೆಲ್ಟಿಕ್‌ನಲ್ಲಿ ಮುಚ್ಚಳವೂ ಇಲ್ಲ, ವಾಲ್ವೂ ಇಲ್ಲ. ಒಂದೇ ಸಿಲಿಂಡರಿನೊಳಗೆ ಎರಡು ಪಿಸ್ಟನ್‌ಗಳು ಎದುರುಬದುರಾಗಿ ಧಾವಿಸಿ ಬರುತ್ತವೆ. ನಡುವೆ ಸಿಕ್ಕಿದ ಗಾಳಿ ಒತ್ತಡಕ್ಕೆ ಕಾಯುತ್ತದೆ. ಅದರೊಳಕ್ಕೆ ಚಿಮ್ಮಿದ ಡೀಸೆಲ್ ಹೊತ್ತಿ ಎರಡನ್ನೂ ಹಿಂದಕ್ಕೆ ನೂಕುತ್ತದೆ. ಹಿಂದೆ ಸರಿಯುವಾಗ ಒಂದು ಪಿಸ್ಟನ್ ಗೋಡೆಯ ಕಿಂಡಿಗಳನ್ನು ತೆರೆದು ಹೊಗೆಯನ್ನು ಹೊರಬಿಡುತ್ತದೆ, ಇನ್ನೊಂದು ಹೊಸ ಗಾಳಿಗೆ ದಾರಿ ಮಾಡಿಕೊಡುತ್ತದೆ. ಇಂಥ ಸಿಲಿಂಡರುಗಳ ಮೂರು ಸಾಲುಗಳನ್ನು ತ್ರಿಕೋನಾಕಾರವಾಗಿ ಜೋಡಿಸಿ, ಮೂರು ಮೂಲೆಗಳಲ್ಲಿ ಮೂರು ಕ್ರ್ಯಾಂಕ್ ಶಾಫ್ಟುಗಳನ್ನು ಇಟ್ಟಿದ್ದಾರೆ. ದೊಡ್ಡ ಎಂಜಿನ್ನಿನಲ್ಲಿ ಸಿಲಿಂಡರುಗಳು ೧೮, ಪಿಸ್ಟನ್‌ಗಳು ೩೬. ಗ್ರೀಕ್ ವರ್ಣಮಾಲೆಯ ತ್ರಿಕೋನಾಕಾರದ ಡೆಲ್ಟಾ ಅಕ್ಷರದಿಂದಲೇ ಇದಕ್ಕೆ ಆ ಹೆಸರು ಬಂದಿತು.

ಈ ವಿನ್ಯಾಸದಲ್ಲಿ ಒಂದು ತೊಡಕಿತ್ತು. ಪ್ರತಿಯೊಂದು ಸಿಲಿಂಡರಿನಲ್ಲಿಯೂ ಹೊಗೆಯ ಕಡೆಯ ಪಿಸ್ಟನ್ನು ಗಾಳಿಯ ಕಡೆಯದಕ್ಕಿಂತ ತುಸು ಮುಂದಿರಬೇಕು. ಮೂರು ಶಾಫ್ಟುಗಳೂ ಒಂದೇ ದಿಕ್ಕಿಗೆ ತಿರುಗಿದರೆ ಮೂರೂ ಸಾಲುಗಳಲ್ಲಿ ಈ ಹೊಂದಿಕೆ ಒದಗುವುದಿಲ್ಲ. ನೌಕಾ ಇಲಾಖೆಯ ಪ್ರಯೋಗಾಲಯದಲ್ಲಿ ಹಿರಿಯ ನಕ್ಷೆಗಾರನಾಗಿದ್ದ ಹರ್ಬರ್ಟ್ ಪೆನ್‌ವಾರ್ಡನ್ ಎಂಬಾತ ಪರಿಹಾರವನ್ನು ಸೂಚಿಸಿದನು: ಮೂರರಲ್ಲಿ ಒಂದು ಶಾಫ್ಟು ವಿರುದ್ಧ ದಿಕ್ಕಿಗೆ ತಿರುಗಲಿ. ಅಷ್ಟರಿಂದ ಎಲ್ಲವೂ ಸರಿಹೊಂದಿತು. ಮೂವತ್ತಾರು ಪಿಸ್ಟನ್‌ಗಳ ಆ ಮಹಾವೇಗ ಒಬ್ಬ ನಕ್ಷೆಗಾರನ ಒಂದು ಶಾಂತವಾದ ಆಲೋಚನೆಯ ಮೇಲೆ ನಿಂತಿತು.

ಯುದ್ಧದ ದೋಣಿಗಾಗಿ ಹುಟ್ಟಿದ ಈ ಎಂಜಿನ್ ಮುಂದೆ ರೈಲಿಗೆ ಬಂದಿತು. ೧೯೬೧-೬೨ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ ೨೨ ಡೆಲ್ಟಿಕ್ ಲೋಕೋಮೋಟಿವ್‌ಗಳನ್ನು ಕಟ್ಟಿ, ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ಮಾರ್ಗಕ್ಕೆ ಒದಗಿಸಿತು. ಒಂದೊಂದರಲ್ಲಿ ಎರಡೆರಡು ಡೆಲ್ಟಿಕ್ ಎಂಜಿನ್ನುಗಳು. ಒಟ್ಟು ೩೩೦೦ ಅಶ್ವಶಕ್ತಿ. ತೂಕ ೯೯ ಟನ್. ಗಂಟೆಗೆ ೧೬೦ ಕಿಲೋಮೀಟರ್ ವೇಗ. ಅದೇ ಕಂಪನಿ ೧೯೫೮ರಲ್ಲಿ ಹೊರತಂದ ಇನ್ನೊಂದು ಲೋಕೋಮೋಟಿವ್ ೧೩೩ ಟನ್ ತೂಗಿಯೂ ೨೦೦೦ ಅಶ್ವಶಕ್ತಿಯನ್ನಷ್ಟೇ ಕೊಡುತ್ತಿತ್ತೆಂಬುದನ್ನು ನೆನೆದರೆ ಈ ಸಾಧನೆಯ ಎತ್ತರ ತಿಳಿಯುತ್ತದೆ. ಇಪ್ಪತ್ತು ವರ್ಷ ಈ ಇಪ್ಪತ್ತೆರಡು ಯಂತ್ರಗಳು ಓಡಿದವು. ಬಳಿಕ ಹೊಸ ಬಗೆಯ ವೇಗದ ರೈಲುಗಳು ಬಂದವು. ೧೯೮೨ನೆಯ ಜನವರಿ ೨ರಂದು ಡೆಲ್ಟಿಕ್ ಕೊನೆಯ ಬಾರಿ ಪ್ರಯಾಣಿಕರನ್ನು ಹೊತ್ತು ಎಡಿನ್‌ಬರೋಗೆ ಹೋಗಿ ಬಂದಿತು. ಮುಂದೆ ಉಳಿದದ್ದು ಗುಜರಿಯ ದಾರಿ.

ನಮ್ಮ ವಿಚಾರಕ್ಕೆ ಬೇಕಾದ ಸಂಗತಿ ಇಲ್ಲಿಂದ ಮುಂದಿದೆ. ಈ ಯಂತ್ರಗಳು ಇನ್ನೂ ಓಡುತ್ತಿದ್ದಾಗಲೇ, ೧೯೭೭ರಲ್ಲಿ, ಅವುಗಳ ಅಭಿಮಾನಿಗಳು ಒಂದು ಸಂರಕ್ಷಣಾ ಸಂಘವನ್ನು ಕಟ್ಟಿಕೊಂಡಿದ್ದರು. ಸದಸ್ಯರ ಕಾಣಿಕೆಯಿಂದ ಕೂಡಿಸಿದ ಹಣದಲ್ಲಿ ಆ ಸಂಘ ಲೋಕೋಮೋಟಿವ್‌ಗಳನ್ನು ಕೊಂಡಿತು. ಇಂದು ಅದರ ಬಳಿ ಮೂರಿವೆ. ಇಪ್ಪತ್ತೆರಡರಲ್ಲಿ ಒಟ್ಟು ಆರು ಉಳಿದುಕೊಂಡವು. ಡೆಲ್ಟಿಕ್ ಸುಲಭವಾಗಿ ಪಳಗುವ ಯಂತ್ರವಲ್ಲ. ಅದರ ಅಂಗಾಂಗಗಳು ಇಕ್ಕಟ್ಟಾಗಿ ಒತ್ತಿಕೊಂಡಿವೆ. ರೈಲ್ವೆಯವರೇ ಅದನ್ನು ಇದ್ದಲ್ಲಿ ದುರಸ್ತಿ ಮಾಡದೆ, ಇಡೀ ಎಂಜಿನ್ನನ್ನು ಎತ್ತಿ ತೆಗೆದು ಇನ್ನೊಂದನ್ನು ಕೂಡಿಸುತ್ತಿದ್ದರು. ಅಂಥದನ್ನು ಸಂಬಳವಿಲ್ಲದ ಸ್ವಯಂಸೇವಕರು, ತಮ್ಮ ರಜಾದಿನಗಳಲ್ಲಿ, ಕೈಗೆ ಎಣ್ಣೆ ಮೆತ್ತಿಕೊಂಡು, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಾಪಾಡಿಕೊಂಡು ಬಂದಿದ್ದಾರೆ. ಅದು ಹೊರಡುವಾಗಿನ ಗುಡುಗನ್ನು ಕೇಳಲು ಜನ ಹಳಿಯ ಪಕ್ಕ ಕಾದು ನಿಲ್ಲುತ್ತಾರೆ.

ಇವರು ಯಾವುದಕ್ಕೆ ಇಷ್ಟು ಶ್ರಮಿಸುತ್ತಾರೆ? ಲಾಭವಿಲ್ಲ, ಕೀರ್ತಿಯೂ ಹೆಚ್ಚಿಲ್ಲ. ಆ ಯಂತ್ರ ಇಂದು ಯಾರಿಗೂ ಅನಿವಾರ್ಯವಲ್ಲ. ಇದನ್ನು ವಿಗ್ರಹಾರಾಧನೆಯೆಂದು ನಗುವವರಿದ್ದಾರೆ. ಈ ನಗೆಗೆ ಉತ್ತರ ಕೊಡುವ ಮೊದಲು ಇಬ್ಬರು ವಿಚಾರವಂತರನ್ನು ನೆನೆಯಬೇಕು.

ಅಮೆರಿಕದ ಇತಿಹಾಸಕಾರ ಹೆನ್ರಿ ಆಡಮ್ಸ್ ೧೯೦೦ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನಕ್ಕೆ ಹೋಗಿದ್ದನು. ಅಲ್ಲಿನ ಯಂತ್ರಶಾಲೆಯಲ್ಲಿ ಸದ್ದಿಲ್ಲದೆ ತಿರುಗುವ ಬೃಹತ್ ಡೈನಮೋಗಳ ಮುಂದೆ ನಿಂತಾಗ, ಹಿಂದಿನ ಕ್ರೈಸ್ತರಿಗೆ ಶಿಲುಬೆಯ ಮುಂದೆ ಆಗುತ್ತಿದ್ದಂಥ ಭಾವ ತನಗಾಯಿತೆಂದು ಆತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆದರೆ ಆ ಅನುಭವ ಅವನಿಗೆ ನೆಮ್ಮದಿ ಕೊಡಲಿಲ್ಲ. ಮಧ್ಯಯುಗದ ಯೂರೋಪಿನಲ್ಲಿ ಮಾತೆ ಮೇರಿಯ ಮೇಲಿನ ಭಕ್ತಿ ಮಹಾಮಂದಿರಗಳನ್ನು ಕಟ್ಟಿಸಿತು. ಡೈನಮೋದ ಮೇಲಿನ ಭಕ್ತಿ ಏನನ್ನು ಕಟ್ಟಿಸೀತು ಎಂಬ ಚಿಂತೆ ಅವನನ್ನು ಕಾಡಿತು.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಇದಕ್ಕೆ ನೂರಹತ್ತು ವರ್ಷ ಮೊದಲೇ, ೧೭೯೦ರಲ್ಲಿ, ಭವ್ಯತೆಯ ಅನುಭವವನ್ನು ವಿಮರ್ಶಿಸಿದ್ದನು. ಸಿಡಿಲು, ಜ್ವಾಲಾಮುಖಿ, ಉಕ್ಕುವ ಕಡಲು ಇವುಗಳನ್ನು ನಾವು ಸುರಕ್ಷಿತವಾದ ಎಡೆಯಲ್ಲಿ ನಿಂತು ನೋಡಿದಾಗ ಭಯದೊಡನೆ ಒಂದು ಹಿಗ್ಗೂ ಆಗುತ್ತದೆ. ಆ ಹಿಗ್ಗಿನ ಮೂಲ ಹೊರಗಿನ ಶಕ್ತಿಯಲ್ಲಿಲ್ಲವೆಂದು ಅವನ ವಾದ. ದೇಹವನ್ನು ಪುಡಿಮಾಡಬಲ್ಲ ಆ ಬಲಕ್ಕೂ ಮಣಿಯದ ನೈತಿಕ ಚೈತನ್ಯವೊಂದು ನಮ್ಮಲ್ಲಿದೆ ಎಂಬ ಅರಿವು ಆಗ ಎಚ್ಚರಗೊಳ್ಳುತ್ತದೆ, ಅದೇ ಭವ್ಯತೆ.

ಯಂತ್ರದ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕಾಗುತ್ತದೆ. ಕಡಲನ್ನು ಮನುಷ್ಯ ಮಾಡಲಿಲ್ಲ; ಯಂತ್ರವನ್ನು ಮಾಡಿದನು. ಆದ್ದರಿಂದ ಯಂತ್ರದಲ್ಲಿ ಕಾಣುವುದು ಬರಿಯ ಬಲವಲ್ಲ, ಬುದ್ಧಿಯ ಕಡಿವಾಣ ಹಾಕಿಸಿಕೊಂಡ ಬಲ. ಒಂದು ಡಬ್ಬಿ ಪೆಟ್ರೋಲಿಗೆ ಬೆಂಕಿ ತಾಕಿಸಿದರೂ ಬಲ ಪ್ರಕಟವಾಗುತ್ತದೆ. ಅದನ್ನು ನೋಡಿ ಯಾರೂ ಸಂಘ ಕಟ್ಟುವುದಿಲ್ಲ. ತೇರಿನ ಉತ್ಸವವನ್ನೇ ನೋಡಿರಿ. ಸಾವಿರ ಜನ ಮಿಣಿ ಹಿಡಿದು ಎಳೆಯುತ್ತಾರೆ. ನೆರೆದವರ ಕಣ್ಣೆಲ್ಲ ಕಳಸದ ಮೇಲೆ. ಗಾಲಿಯ ಬಳಿ ಮರದ ತುಂಡು ಹಿಡಿದು, ಹೆಜ್ಜೆ ಹೆಜ್ಜೆಗೂ ಅದನ್ನು ಕೊಟ್ಟು ತೆಗೆದು ತೇರನ್ನು ದಾರಿಗೆ ತರುವ ಇಬ್ಬರನ್ನು ಗಮನಿಸುವವರು ವಿರಳ. ಅವರಿಬ್ಬರು ಕೈಬಿಟ್ಟರೆ ಆ ಸಾವಿರ ಜನರ ಬಲವೇ ಅನಾಹುತಕ್ಕೆ ಕಾರಣವಾದೀತು. ಡೆಲ್ಟಿಕ್‌ನಲ್ಲಿ ಹಿಮ್ಮುಖವಾಗಿ ತಿರುಗುವ ಆ ಒಂದು ಶಾಫ್ಟು ಇಂಥ ಮರದ ತುಂಡಿನಂತೆಯೇ.

ಇದಕ್ಕಿಂತ ಭೀಕರವಾದ ಬಲದ ನಿದರ್ಶನವನ್ನು ನೋಡೋಣ. ೧೯೬೯ರಲ್ಲಿ ಮನುಷ್ಯನನ್ನು ಚಂದ್ರನ ಮೇಲಿಳಿಸಿದ ಸ್ಯಾಟರ್ನ್ ೫ ರಾಕೆಟ್ಟಿನ ಬುಡದಲ್ಲಿ ಎಫ್-೧ ಎಂಬ ಐದು ಎಂಜಿನ್ನುಗಳಿದ್ದವು. ಒಂದೊಂದರ ನೂಕುಬಲ ಸುಮಾರು ೬೮೦ ಟನ್. ಇಂಧನವನ್ನು ಒಳಕ್ಕೆ ತಳ್ಳುವ ಪಂಪಿಗೇ ಸುಮಾರು ೫೫ ಸಾವಿರ ಅಶ್ವಶಕ್ತಿ ಬೇಕಾಗಿತ್ತು. ಅಂದರೆ ಹದಿನಾರಕ್ಕೂ ಹೆಚ್ಚು ಡೆಲ್ಟಿಕ್ ಲೋಕೋಮೋಟಿವ್‌ಗಳ ಬಲ. ಮೊದಲ ಪರೀಕ್ಷೆಗಳಲ್ಲಿ ಒಳಗಿನ ಜ್ವಾಲೆ ಇದ್ದಕ್ಕಿದ್ದಂತೆ ತೊನೆಯತೊಡಗಿ ಎಂಜಿನ್ನನ್ನೇ ಛಿದ್ರಮಾಡುತ್ತಿತ್ತು. ಎಂಜಿನಿಯರುಗಳು ಇಂಧನ ಚಿಮ್ಮುವ ತಟ್ಟೆಯ ಮೇಲೆ ಅಡ್ಡಗೋಡೆಗಳನ್ನಿಟ್ಟರು, ರಂಧ್ರಗಳ ಗಾತ್ರವನ್ನೂ ಕೋನವನ್ನೂ ಬದಲಿಸಿದರು. ಬಳಿಕ ಉರಿಯುತ್ತಿರುವ ಎಂಜಿನ್ನಿನೊಳಗೆ ತಾವಾಗಿಯೇ ಚಿಕ್ಕ ಬಾಂಬುಗಳನ್ನು ಸಿಡಿಸಿ, ಕದಡಿದ ಜ್ವಾಲೆ ತಾನಾಗಿ ಶಾಂತವಾಗುವುದೇ ಎಂದು ಪರೀಕ್ಷಿಸಿದರು. ವರ್ಷಗಟ್ಟಲೆ ನಡೆದ ಈ ಸಾಧನೆಯ ಫಲವಾಗಿ, ೧೯೬೭ರಿಂದ ೧೯೭೩ರವರೆಗೆ ಹಾರಿದ ೧೩ ರಾಕೆಟ್ಟುಗಳ ೬೫ ಎಫ್-೧ ಎಂಜಿನ್ನುಗಳಲ್ಲಿ ಒಂದೂ ಕೈಕೊಡಲಿಲ್ಲ. ಕದಡಿದರೂ ಮತ್ತೆ ಶಾಂತವಾಗುವ ಜ್ವಾಲೆ! ಚಿತ್ತವನ್ನು ಪಳಗಿಸಲು ಹೊರಟವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಗೆ ನಿಲ್ಲಿಸಿದರೆ, ಮಹಾಯಂತ್ರಗಳ ಮೇಲಿನ ಬೆರಗು ಸಂಯಮದ ಮೇಲಿನ ಗೌರವವೇ ಆಗಿದೆ, ಆದ್ದರಿಂದ ಅದು ನಿರ್ದೋಷವೆಂದು ತೀರ್ಮಾನಿಸಬಹುದಿತ್ತು. ಆದರೆ ಸತ್ಯ ಅಷ್ಟು ಸುಲಭವಾಗಿ ನಮ್ಮನ್ನು ಬಿಡುವುದಿಲ್ಲ. ಚಂದ್ರನೆಡೆಗೆ ಹೋದ ಆ ರಾಕೆಟ್ಟಿನ ಮುಖ್ಯ ಶಿಲ್ಪಿ ವೆರ್ನರ್ ಫಾನ್ ಬ್ರೌನ್. ಮಹಾಯುದ್ಧದ ಕಾಲದಲ್ಲಿ ಅದೇ ವ್ಯಕ್ತಿ ಹಿಟ್ಲರನ ಜರ್ಮನಿಗಾಗಿ ವಿ-೨ ಎಂಬ ಅಸ್ತ್ರವನ್ನು ರೂಪಿಸಿದ್ದನು. ಆ ಅಸ್ತ್ರಗಳನ್ನು ಬೆಟ್ಟದ ಸುರಂಗಗಳೊಳಗೆ ತಯಾರಿಸಿದವರು ಮಿಟ್ಟೆಲ್‌ಬೌ-ಡೋರಾ ಎಂಬ ಯಾತನಾ ಶಿಬಿರದ ಕೈದಿಗಳು. ಹಸಿವಿನಿಂದ, ರೋಗದಿಂದ, ಹೊಡೆತದಿಂದ ಅವರು ಸಾವಿರ ಸಾವಿರ ಸಂಖ್ಯೆಯಲ್ಲಿ ಸತ್ತರು. ಆ ಅಸ್ತ್ರ ಬಿದ್ದು ಸತ್ತವರಿಗಿಂತ ಅದನ್ನು ಮಾಡುತ್ತ ಸತ್ತವರೇ ಹೆಚ್ಚೆಂದು ಇತಿಹಾಸಕಾರರು ಹೇಳುತ್ತಾರೆ. ವಿ-೨ರ ಎಂಜಿನ್ನಿನಲ್ಲಿಯೂ ಜ್ವಾಲೆಗೆ ಕಡಿವಾಣವಿತ್ತು. ಅದನ್ನು ಮಾಡಿಸಿದವರ ಮನಸ್ಸಿಗೆ ಇರಲಿಲ್ಲ.

ಆದಕಾರಣ ಯಂತ್ರದೊಳಗಿನ ಸಂಯಮ ತಾನಾಗಿ ಮನುಷ್ಯನೊಳಕ್ಕೆ ಹರಿದು ಬರುವುದಿಲ್ಲ. ನಮ್ಮ ದರ್ಶನಕ್ಕೆ ಶಕ್ತಿವಿಶಿಷ್ಟಾದ್ವೈತವೆಂಬ ಹೆಸರಿದೆ. ಬೆಂಕಿಯಿಂದ ಬಿಸಿಯನ್ನು ಬೇರ್ಪಡಿಸಲಾಗದಂತೆ ಶಕ್ತಿಯನ್ನು ಶಕ್ತನಿಂದ ಬೇರ್ಪಡಿಸಲಾಗದೆಂಬುದು ಅದರ ಹುರುಳು. ಪರತತ್ತ್ವದ ಮಾತು ಹಾಗಿರಲಿ, ಲೋಕದ ವ್ಯವಹಾರದಲ್ಲಿಯೂ ಈ ತಿಳಿವು ನಮಗೆ ಒಂದು ಎಚ್ಚರಿಕೆ ಕೊಡುತ್ತದೆ. ಶಕ್ತಿಯನ್ನು ಮಾತ್ರ ನೋಡಿ, ಅದು ಯಾರ ಕೈಯಲ್ಲಿದೆ, ಯಾರ ಬೆನ್ನಿನ ಮೇಲೆ ನಿಂತಿದೆ, ಯಾರಿಗಾಗಿ ದುಡಿಯುತ್ತಿದೆ ಎಂದು ಕೇಳದಿರುವವನು ಅರ್ಧವನ್ನಷ್ಟೇ ನೋಡುತ್ತಾನೆ. ಡೆಲ್ಟಿಕ್‌ನ ಬಾಳನ್ನೇ ಗಮನಿಸಿರಿ. ಅದು ಟಾರ್ಪೆಡೋ ದೋಣಿಗಾಗಿ ಹುಟ್ಟಿತು. ಬಳಿಕ ಕಡಲಿನಲ್ಲಿ ಹುದುಗಿಸಿದ ಸ್ಫೋಟಕಗಳನ್ನು ತೆಗೆದುಹಾಕುವ ಹಡಗುಗಳನ್ನು ನಡೆಸಿತು. ೧೯೬೫ರಿಂದ ೧೯೮೨ರವರೆಗೆ ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳದಲ್ಲಿ ೨೪೦೦ ಅಶ್ವಶಕ್ತಿಯ ಒಂದು ಡೆಲ್ಟಿಕ್ ನಿಮಿಷಕ್ಕೆ ೩೩ ಸಾವಿರ ಲೀಟರ್ ನೀರನ್ನು ಚಿಮ್ಮಿಸುತ್ತ ಬೆಂಕಿ ಆರಿಸಿತು. ಯಂತ್ರದ ಬಗೆ ಅದೇ. ಧರ್ಮ ಬೇರೆ ಬೇರೆ.

ಹಾಗಾದರೆ ಬೆರಗನ್ನು ಮೋಹದಿಂದ ಬೇರ್ಪಡಿಸುವ ಗೆರೆ ಯಾವುದು? ನಮಗೆ ತೋರುವಂತೆ ಅದು ಇಷ್ಟೇ: ಬೆರಗು ವಸ್ತುವಿನ ಎಲ್ಲವನ್ನೂ ತಿಳಿಯಬಯಸುತ್ತದೆ, ಮೋಹ ತನಗೆ ಹಿತವಾದುದನ್ನು ಮಾತ್ರ. ನಿಜವಾದ ಅಭಿಮಾನಿ ಎಷ್ಟು ಅಶ್ವಶಕ್ತಿ ಎಂದು ಕೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಆ ಬಲವನ್ನು ಹಿಡಿದು ನಿಲ್ಲಿಸಿದ್ದು ಯಾವುದು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನೂ ಕೇಳುತ್ತಾನೆ. ಕೇಳಿದ ಮೇಲೆ ಸೇವೆಗೆ ಕೈಹಚ್ಚುತ್ತಾನೆ. ಮೋಹಿತನಿಗೆ ಬೇಕಾದುದು ಆ ಬಲ ತನ್ನದೆನಿಸುವ ಮತ್ತು ನಾಲ್ಕು ಜನ ತಿರುಗಿ ನೋಡುವ ಒಂದು ಗಳಿಗೆ. ಮೋಟಾರ್ ಸೈಕಲ್ಲಿನ ಸೈಲೆನ್ಸರನ್ನು ಬದಲಿಸಿ, ರೋಗಿಗಳು ಮಲಗಿರುವ ಆಸ್ಪತ್ರೆಯ ಎದುರಿಗೂ ಅಬ್ಬರಿಸುತ್ತ ಹೋಗುವ ತರುಣರನ್ನು ನಮ್ಮ ಊರುಗಳಲ್ಲಿಯೇ ನೋಡುತ್ತೇವೆ. ಅವರಿಗೆ ಎಂಜಿನ್ನಿನ ಮೇಲೆ ಪ್ರೀತಿಯಿದೆ ಎನ್ನುವುದು ಸಲ್ಲದು. ಅವರ ಪ್ರೀತಿಯೆಲ್ಲ ಅದರ ಸದ್ದಿನಲ್ಲಿ ಕೇಳಿಬರುವ ತಮ್ಮ ಹೆಸರಿನ ಮೇಲೆ.

ಕೆಲಸಕ್ಕೆ ಬಾರದ ಹಳೆಯ ಯಂತ್ರಕ್ಕೆ ಹಣ ಸುರಿಯುವುದು ದುಂದಲ್ಲವೇ, ಅದರ ಹೊಗೆ ಗಾಳಿಯನ್ನು ಕೆಡಿಸುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಡೆಲ್ಟಿಕ್ ನೀಲಿಹೊಗೆ ಕಾರುವ ಯಂತ್ರ. ಡೀಸೆಲ್ ಸುಡುವುದನ್ನು ಕಡಿಮೆ ಮಾಡಬೇಕಾದ ಈ ಕಾಲದಲ್ಲಿ ಅಂಥ ಯಂತ್ರಗಳು ಮತ್ತೆ ನೂರಾರು ಸಂಖ್ಯೆಯಲ್ಲಿ ಓಡಬೇಕೆಂದು ಬಯಸುವವನು ಮೋಹಿತನೇ ಸರಿ. ಆದರೆ ಬೆರಳೆಣಿಕೆಯಷ್ಟನ್ನು ಉಳಿಸಿ, ವರ್ಷಕ್ಕೆ ಕೆಲವು ಬಾರಿ ಓಡಿಸಿ, ಮುಂದಿನವರಿಗೆ ತೋರಿಸುವುದನ್ನು ಆ ತಕ್ಕಡಿಯಲ್ಲಿ ತೂಗಲಾಗದು. ಓಲೆಗರಿಯ ಕಟ್ಟುಗಳನ್ನು ನಾವು ಕಾಪಾಡುತ್ತೇವೆ. ಅವುಗಳಲ್ಲಿನ ಬರಹವೆಲ್ಲ ಅಚ್ಚಾಗಿದ್ದರೂ ಕಾಪಾಡುತ್ತೇವೆ. ಏಕೆಂದರೆ ಬರೆದ ಕೈಯ ಕುರುಹು ಅಲ್ಲಿದೆ. ಯಂತ್ರವೂ ಆಲೋಚಿಸಿದ ಮನಸ್ಸಿನ ಕುರುಹು. ಉಪಯೋಗ ಮುಗಿದೊಡನೆ ಎಲ್ಲವನ್ನೂ ಗುಜರಿಗೆ ಹಾಕುವ ಮನಸ್ಸು ವಸ್ತುಗಳಲ್ಲಿಯೇ ನಿಲ್ಲುವುದಿಲ್ಲ. ಅದು ಮುದಿಯೆತ್ತನ್ನೂ, ಬರಬರುತ್ತ ಮುದಿ ತಂದೆತಾಯಿಗಳನ್ನೂ ಅದೇ ಕಣ್ಣಿನಿಂದ ನೋಡತೊಡಗುತ್ತದೆ. ಆ ಸ್ವಯಂಸೇವಕರ ಎಣ್ಣೆ ಮೆತ್ತಿದ ಕೈಗಳಿಗೆ ನಾವು ಗೌರವ ಸಲ್ಲಿಸುವುದು ಈ ಕಾರಣದಿಂದ.

ಈ ಮಠದ ನೆರಳಿನಲ್ಲಿ ಓದಿ ಎಂಜಿನಿಯರುಗಳಾದವರು ಅನೇಕರಿದ್ದಾರೆ. ಕೆಲವರು ವಿದ್ಯುದಾಗಾರಗಳಲ್ಲಿ, ಕೆಲವರು ಕಾರ್ಖಾನೆಗಳಲ್ಲಿ, ಕೆಲವರು ಹೊರದೇಶಗಳಲ್ಲಿ ಮಹಾಶಕ್ತಿಯ ಯಂತ್ರಗಳೊಡನೆ ದಿನವೂ ಒಡನಾಡುತ್ತಾರೆ. ಅವರಿಗೆ ನಾವು ಹೇಳುವುದಿಷ್ಟು. ನಿಮ್ಮ ಬೆರಗನ್ನು ಕಳೆದುಕೊಳ್ಳಬೇಡಿರಿ. ಬೆರಗು ಬತ್ತಿದವನಿಗೆ ಕಾಯಕ ಬರಿಯ ಸಂಬಳವಾಗುತ್ತದೆ. ಆದರೆ ಆ ಬೆರಗಿಗೆ ಎರಡು ಕಣ್ಣುಗಳಿರಲಿ. ಒಂದು ಕಣ್ಣು ಯಂತ್ರದೊಳಗಿನ ಸಂಯಮವನ್ನು ನೋಡಲಿ, ಮತ್ತೊಂದು ಯಂತ್ರದ ಸುತ್ತ ನಿಂತ ಮನುಷ್ಯರನ್ನು ನೋಡಲಿ. ರಾತ್ರಿಪಾಳಿಯ ಕೂಲಿಗಾರನ ಕೈಗೆ ಕವಚವಿದೆಯೇ, ಹೊಗೆ ಯಾರ ಕೇರಿಯ ಮೇಲೆ ಇಳಿಯುತ್ತಿದೆ, ಬರುವ ಲಾಭದಲ್ಲಿ ದಾಸೋಹಕ್ಕೆ ಪಾಲಿದೆಯೇ ಎಂದು ವಿಚಾರಿಸಿರಿ. ಹೀಗೆ ವಿಚಾರಿಸುತ್ತಿರುವವರೆಗೂ ಎಷ್ಟೇ ದೊಡ್ಡ ಯಂತ್ರದ ಮುಂದೆ ನಿಂತರೂ ನಿಮಗೆ ಕೇಡಿಲ್ಲ. ಕೇಳುವುದನ್ನು ಬಿಟ್ಟ ದಿನ ಚಿಕ್ಕದೊಂದು ಯಂತ್ರವೂ ನಿಮ್ಮನ್ನು ಆಳತೊಡಗುತ್ತದೆ.